ತಂದೆ ಯಾರು, ಅನ್ನ ಯಾರದು?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನಾವು ನಗುತ್ತ ಆಡುತ್ತೇವೆ. ಆ ಗಾದೆಯನ್ನು ಅಕ್ಷರಶಃ ವಿಚಾರಣೆಗೆ ತೆಗೆದುಕೊಳ್ಳುವ ಜಾಗವೊಂದು ನಮ್ಮ ದೇಶದಲ್ಲಿ ನೂರ ಅರವತ್ತು ವರ್ಷಗಳಿಗೂ ಹಿಂದಿನಿಂದ ಇದೆ. ಜೀವನಾಂಶದ ಅರ್ಜಿಯನ್ನು ಕೇಳುವ ನ್ಯಾಯಾಲಯವೇ ಅದು. ಅಲ್ಲಿ ಬಡವಾದ ಕೂಸೇ ಅರ್ಜಿದಾರ. ಎದುರು ನಿಂತವನ ಬಾಯಿಂದ ಬರುವ ಉತ್ತರಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ಸುಲಭವಾದದ್ದು ಒಂದಿದೆ: "ಈ ಮಗು ನನ್ನದಲ್ಲ."

ಈ ಮೂರು ಮಾತು ಕಿವಿಗೆ ಬಿದ್ದ ಕೂಡಲೇ ನ್ಯಾಯಾಧೀಶರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಮಗುವಿನ ತಂದೆ ಯಾರು? ಮಗುವಿಗೆ ಅನ್ನ ಕೊಡಬೇಕಾದವರು ಯಾರು? ಮೇಲ್ನೋಟಕ್ಕೆ ಇವು ಒಂದೇ ಪ್ರಶ್ನೆಯ ಎರಡು ಮುಖಗಳಂತೆ ಕಂಡಾವು. ಆದರೆ ಚರಿತ್ರೆಯ ಪುಟಗಳನ್ನು ತಿರುವಿದಷ್ಟೂ ನನಗೆ ಇವು ಬೇರೆ ಬೇರೆ ಪ್ರಶ್ನೆಗಳೆಂದೇ ತೋರುತ್ತದೆ. ಮೊದಲನೆಯದನ್ನು ಕೇಳಿದವರು ಬಹುತೇಕ ದೊಡ್ಡವರು: ಆಸ್ತಿಯ ಒಡೆಯರು, ವಂಶದ ಹಿರಿಯರು, ಊರ ತೆರಿಗೆ ಕಟ್ಟುವವರು, ಸಂಶಯಪಟ್ಟ ಗಂಡಂದಿರು. ಎರಡನೆಯದನ್ನು ಕೇಳುವುದು ಮಾತ್ರ ಮಗು. ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಎಷ್ಟು ಸಲ ಅಡಗಿಹೋಯಿತು, ಹೇಗೆ ಮತ್ತೆ ತಲೆಯೆತ್ತಿತು ಎಂಬುದೇ ಈ ಬರಹದ ವಿಷಯ.

ತಾಯಿ ಯಾರೆಂಬುದು ಕಣ್ಣಿಗೆ ಕಾಣುವ ಸಂಗತಿ. ತಂದೆ ಯಾರೆಂಬುದು ನಂಬಿಕೆಯ ಸಂಗತಿ. ರೋಮನರ ನ್ಯಾಯಶಾಸ್ತ್ರ ಈ ಕಷ್ಟವನ್ನು ಒಂದೇ ಸೂತ್ರದಿಂದ ಬಗೆಹರಿಸಿತು. ಮದುವೆ ಯಾರನ್ನು ತೋರಿಸುತ್ತದೋ ಅವನೇ ತಂದೆ ಎಂದು ಮೂರನೆಯ ಶತಮಾನದ ನ್ಯಾಯವೇತ್ತ ಪೌಲಸ್ ಹೇಳಿದ್ದು ಯುರೋಪಿನ ಕಾನೂನುಗಳಿಗೆಲ್ಲ ತಳಪಾಯವಾಯಿತು. ಇಂಗ್ಲೆಂಡಿನವರು ಇದನ್ನು ಎಷ್ಟು ದೂರ ಎಳೆದರೆಂದರೆ, ಗಂಡನು ರಾಜ್ಯದ ನಾಲ್ಕು ಸಮುದ್ರಗಳ ಒಳಗೆ ಎಲ್ಲಿಯೇ ಇರಲಿ, ಹೆಂಡತಿ ಹೆತ್ತ ಮಗು ಅವನದೇ ಎಂದು ಬಹುಕಾಲ ತೀರ್ಮಾನಿಸುತ್ತಿದ್ದರು. ಗಂಡ ಒಂದು ತುದಿಯಲ್ಲಿ, ಹೆಂಡತಿ ಇನ್ನೊಂದು ತುದಿಯಲ್ಲಿ ವರ್ಷಗಟ್ಟಲೆ ಇದ್ದರೂ ಸರಿಯೆ. ಹದಿನೆಂಟನೆಯ ಶತಮಾನದಲ್ಲಿ ಈ ಕಟ್ಟು ಸಡಿಲವಾಯಿತು.

ನಮ್ಮವರು ಇದೇ ಪ್ರಶ್ನೆಯನ್ನು ಬೇಸಾಯದ ಭಾಷೆಯಲ್ಲಿ ಕೇಳಿದರು. ಬೀಜ ಒಬ್ಬನದು, ಹೊಲ ಇನ್ನೊಬ್ಬನದು, ಬೆಳೆ ಯಾರದು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಚರ್ಚೆ ದೀರ್ಘವಾಗಿ ನಡೆದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಇನ್ನೂ ಚುರುಕಾಗಿದೆ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಗರಿಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಅದರಲ್ಲಿ ಕೌಟಿಲ್ಯ ಮೊದಲು ಹಿಂದಿನ ಆಚಾರ್ಯರ ಮತವನ್ನು ಹೇಳುತ್ತಾನೆ: ಪರರ ಹೊಲದಲ್ಲಿ ಬಿತ್ತಿದ ಬೀಜ ಹೊಲದವನಿಗೇ ಸೇರಿದ್ದು. ಇನ್ನು ಕೆಲವರು ತಾಯಿ ಬರಿಯ ತಿದಿ, ಬೀಜ ಯಾರದೋ ಮಗು ಅವನದು ಎನ್ನುವವರು. ಕೌಟಿಲ್ಯನ ತೀರ್ಪು ಚಿಕ್ಕದು: ಎರಡೂ ಉಂಟು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಉತ್ತರದ ಹತ್ತಿರಕ್ಕೇ ನಮ್ಮ ನ್ಯಾಯಾಲಯಗಳು ಸುತ್ತಿ ಸುತ್ತಿ ಬರುತ್ತಿರುವುದನ್ನು ಮುಂದೆ ನೋಡೋಣ.

ಈ ವಾದಗಳಲ್ಲೆಲ್ಲ ಒಂದು ಅಂಶವನ್ನು ಗಮನಿಸಬೇಕು. ಹೊಲದವನು ಬೆಳೆಯನ್ನು ಕೇಳುವುದು ತನಗಾಗಿ, ಬೆಳೆಗಾಗಿ ಅಲ್ಲ. ಪಿಂಡ ಹಾಕುವವರು ಯಾರು, ಆಸ್ತಿಗೆ ವಾರಸುದಾರರು ಯಾರು ಎಂಬುದೇ ಅಲ್ಲಿನ ಚಿಂತೆ. ಮಹಾಭಾರತದ ಕರ್ಣನ ಕಥೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಯುದ್ಧಕ್ಕೆ ಮೊದಲು ಕೃಷ್ಣ ಅವನನ್ನು ಏಕಾಂತದಲ್ಲಿ ಕಂಡು ಶಾಸ್ತ್ರವನ್ನೇ ಮುಂದಿಡುತ್ತಾನೆ: ಕನ್ಯೆಯಲ್ಲಿ ಹುಟ್ಟಿದ ಮಗ ಆಕೆಯ ಕೈಹಿಡಿದವನಿಗೆ ಸೇರಿದವನು, ಆದ್ದರಿಂದ ನೀನು ಪಾಂಡುವಿನ ಮಗ, ರಾಜ್ಯ ನಿನ್ನದು. ನ್ಯಾಯದ ದೃಷ್ಟಿಯಿಂದ ವಾದ ನಿರ್ದುಷ್ಟವಾಗಿದೆ. ಆದರೆ ಕರ್ಣ ಒಪ್ಪುವುದಿಲ್ಲ. ನದಿಯಲ್ಲಿ ತೇಲಿ ಬಂದ ಕೂಸಿಗೆ ಹಾಲೆರೆದವಳು ರಾಧೆ, ಸಂಸ್ಕಾರ ಮಾಡಿಸಿದವನು ಅಧಿರಥ. ಅವರನ್ನು ಬಿಡಲಾರೆ ಎನ್ನುತ್ತಾನೆ. ತಂದೆ ಯಾರು ಎಂಬ ಪ್ರಶ್ನೆಗೆ ಅನ್ನ ಯಾರದು ಎಂಬುದರಿಂದ ಉತ್ತರ ಕೊಟ್ಟವನು ನಮ್ಮ ಕಾವ್ಯಲೋಕದಲ್ಲಿ ಅವನೊಬ್ಬನೇ ಇರಬೇಕು.

ಹಾಗೆಂದು ಧರ್ಮಶಾಸ್ತ್ರಕಾರರು ಅನ್ನದ ಪ್ರಶ್ನೆಯನ್ನು ಪೂರ್ತಿ ಮರೆತವರಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಮುಂದೆ ಭಾರತದ ಬಹುಭಾಗಕ್ಕೆ ಕಾನೂನಾಯಿತು. ದ್ವಿಜನಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೆ ಅದು ಪಾಲು ಕೊಡಲಿಲ್ಲ, ವಿಧೇಯನಾಗಿದ್ದರೆ ಹೊಟ್ಟೆಬಟ್ಟೆ ಕೊಡಿಸಿತು. ಶೂದ್ರನ ದಾಸೀಪುತ್ರನಿಗೆ ತಂದೆಯ ಇಚ್ಛೆಯಂತೆ ಪಾಲೂ ಉಂಟೆಂದಿತು. ಜಾತಿಗೊಂದು ನ್ಯಾಯವಾದ ಈ ಏರ್ಪಾಡನ್ನು ಇಂದು ಯಾರೂ ಸಮರ್ಥಿಸಲಾರರು. ಆದರೂ ಆಸ್ತಿಯಿಲ್ಲದ ಮಗುವಿಗೂ ಅನ್ನವುಂಟು ಎಂಬ ಎಳೆಯೊಂದು ಅದರಲ್ಲಿ ಸಿಕ್ಕುತ್ತದೆ. ಹೆಣ್ಣು ಮಗುವಿನ ಪಾಲಿಗೆ ಆ ಎಳೆಯೂ ಇರಲಿಲ್ಲ.

ನಾವು ಇಂದು ಬಳಸುವ ಜೀವನಾಂಶದ ಕಾನೂನು ಮಾತ್ರ ಮಿತಾಕ್ಷರದಿಂದ ಬಂದದ್ದಲ್ಲ. ಇಂಗ್ಲೆಂಡಿನ ಬಡವರ ಕಾಯಿದೆಯ ಮನೆತನದ್ದು. ಅಲ್ಲಿ ಒಂದೊಂದು ಚರ್ಚಿಗೂ ಸೇರಿದ ಊರುಕೇರಿಗೆ ಪ್ಯಾರಿಷ್ ಎಂದು ಹೆಸರು. ಆ ಪ್ಯಾರಿಷಿನ ಬಡವರನ್ನು ಸಾಕುವ ಹೊರೆ ಅಲ್ಲಿನ ತೆರಿಗೆದಾರರ ಮೇಲೆ. ಮದುವೆಯಿಲ್ಲದೆ ಹುಟ್ಟಿದ ಮಗು ಅವರ ಕಣ್ಣಿಗೆ ಒಂದು ಖರ್ಚಿನ ಬಾಬತ್ತು. 1576ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ಒಂದು ಕಾಯಿದೆ ಬಂದಿತು: ಅಂಥ ಮಗುವಿನ ತಾಯಿಯಿಂದಲೂ ತಂದೆಯೆಂದು ಹೆಸರಾದವನಿಂದಲೂ ವಾರವಾರ ಹಣ ಕೊಡಿಸುವ ಅಧಿಕಾರ ಊರಿನ ನ್ಯಾಯಾಧಿಕಾರಿಗಳದ್ದು. ಇದು ಕರುಣೆಯಿಂದ ಹುಟ್ಟಿದ ಕಾನೂನಲ್ಲ, ಲೆಕ್ಕದ ಪುಸ್ತಕದಿಂದ ಹುಟ್ಟಿದ್ದು. ಆದರೆ ಲೆಕ್ಕದ ಪುಸ್ತಕ ಕರುಣೆ ಮಾಡದ ಕೆಲಸವೊಂದನ್ನು ಮಾಡಿತು. ಹೆಸರು ಕೊಡದ ತಂದೆಯೂ ಕಾಸು ಕೊಡಬೇಕು ಎಂಬ ನಿಯಮ ಹುಟ್ಟಿದ್ದು ಅಲ್ಲಿಂದ.

1733ರ ಕಾಯಿದೆ ಇನ್ನೂ ಬಿಗಿಯಾಯಿತು. ಬಸುರಿ ಹೆಣ್ಣು ನ್ಯಾಯಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಒಬ್ಬನ ಹೆಸರು ಹೇಳಿದರೆ ಸಾಕು, ಅವನು ಜಾಮೀನು ಕೊಡಬೇಕು, ಇಲ್ಲವೆ ಸೆರೆಮನೆಗೆ ಹೋಗಬೇಕು. ಸೆರೆಗಿಂತ ಮದುವೆಯೇ ವಾಸಿ ಎಂದು ಎಷ್ಟೋ ಗಂಡಸರು ಚರ್ಚಿನ ಮೆಟ್ಟಿಲು ಹತ್ತಿದರು. ಹತ್ತದವರನ್ನು ಪ್ಯಾರಿಷಿನ ಅಧಿಕಾರಿಗಳೇ ದೂಡಿಕೊಂಡು ಹೋದದ್ದೂ ಉಂಟು. ಈ ಅತಿಗೆ ಪ್ರತಿಯಾಗಿ 1834ರ ಹೊಸ ಬಡವರ ಕಾಯಿದೆ ಇನ್ನೊಂದು ಅತಿಗೆ ಹೋಯಿತು. ತಾಯಿಯ ಮಾತೊಂದೇ ಸಾಲದು, ಬೇರೆ ಪುರಾವೆ ಬೇಕು. ಅರ್ಜಿ ಹಾಕಬೇಕಾದವರು ಪ್ಯಾರಿಷಿನವರು, ತಾಯಿಯಲ್ಲ. ಬಂದ ಹಣದಲ್ಲಿ ಒಂದು ಬಿಲ್ಲೆಯೂ ತಾಯಿಗೆ ಸೇರಕೂಡದು. ಅದೂ ಮಗುವಿಗೆ ಏಳು ವರ್ಷ ತುಂಬುವ ತನಕ ಮಾತ್ರ. ಹೊರೆ ಹೊತ್ತರೆ ಹೆಂಗಸು ನೀತಿವಂತಳಾದಾಳು ಎಂಬುದು ಆ ಕಾಯಿದೆ ಮಾಡಿದವರ ತರ್ಕ. ನೀತಿಯ ಪಾಠ ದೊಡ್ಡವರಿಗೆ, ಹಸಿವು ಮಗುವಿಗೆ! ಹತ್ತೇ ವರ್ಷದಲ್ಲಿ, 1844ರಲ್ಲಿ, ಅದನ್ನು ತಿದ್ದಬೇಕಾಯಿತು. ತಾಯಿ ತಾನೇ ನ್ಯಾಯಾಲಯಕ್ಕೆ ಹೋಗಬಹುದೆಂದಾಯಿತು. 1872ರಲ್ಲಿ ವಾರಕ್ಕೆ ಐದು ಷಿಲಿಂಗ್‌ವರೆಗೆ ಕೊಡಿಸಬಹುದೆಂದಾಯಿತು.

ಕಾಲುವೆಯ ಆಚೆ ದಡದ ಫ್ರಾನ್ಸಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಮನುಷ್ಯರೆಲ್ಲ ಸಮಾನರೆಂದು ಸಾರಿದ ಕ್ರಾಂತಿಯ ಬೆನ್ನಿಗೇ ಬಂದ 1804ರ ನೆಪೋಲಿಯನ್ನನ ಸಂಹಿತೆ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆಯನ್ನು ಹುಡುಕುವುದನ್ನೇ ನಿಷೇಧಿಸಿತು. ಗಂಡಸರ ಮನೆಯ ಮರ್ಯಾದೆ ಕಾಪಾಡುವ ಈ ಬಾಗಿಲು ನೂರೆಂಟು ವರ್ಷ ಮುಚ್ಚಿಯೇ ಇತ್ತು. 1912ರಲ್ಲಿ ಅದನ್ನು ತೆರೆದಾಗಲೂ ಕೆಲವೇ ಸಂದರ್ಭಗಳಿಗೆಂದು ಓರೆ ಮಾಡಿದರು. ಇಂಗ್ಲೆಂಡಿನಲ್ಲಿ ತೆರಿಗೆದಾರರ ಹಿತ ಗೆದ್ದಿತು, ಫ್ರಾನ್ಸಿನಲ್ಲಿ ಗೃಹಸ್ಥರ ಹಿತ ಗೆದ್ದಿತು. ಎರಡೂ ಕಡೆ ಮಗುವಿನ ಕಡೆಯ ವಕೀಲರು ಯಾರೂ ಇರಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. 1861ರಲ್ಲಿ ಬ್ರಿಟಿಷ್ ಭಾರತಕ್ಕೆ ಮೊದಲ ದಂಡ ಪ್ರಕ್ರಿಯಾ ಸಂಹಿತೆ ಬಂದಿತು. ಕಳ್ಳರನ್ನು ಹಿಡಿಯುವುದು, ವಾರಂಟು ಹೊರಡಿಸುವುದು, ಇವುಗಳ ನಡುವೆ ಅದರಲ್ಲೊಂದು ಅಚ್ಚರಿಯ ಕಲಮು ಸೇರಿಕೊಂಡಿತು. ಶಕ್ತಿಯಿದ್ದೂ ಹೆಂಡತಿಯನ್ನಾಗಲಿ, ತನ್ನನ್ನು ತಾನು ಸಾಕಿಕೊಳ್ಳಲಾರದ ಮಗುವನ್ನಾಗಲಿ ಕೈಬಿಟ್ಟವನಿಂದ ಮ್ಯಾಜಿಸ್ಟ್ರೇಟರು ತಿಂಗಳಿಗೆ ಐವತ್ತು ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ಮಗು ಔರಸವಾಗಿರಲಿ, ಅನೌರಸವಾಗಿರಲಿ ಎಂದು ಆ ಕಲಮು ಸ್ಪಷ್ಟವಾಗಿ ಹೇಳಿತು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ, ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ. ಇದರ ಉದ್ದೇಶವೂ ದಿಕ್ಕಿಲ್ಲದವರು ಬೀದಿಪಾಲಾಗಿ ಸರ್ಕಾರಕ್ಕೆ ತಲೆನೋವಾಗದಿರಲಿ ಎಂಬುದೇ. ಆದರೂ ಮಿತಾಕ್ಷರ ಯಾವ ಮಗುವಿಗೆ ಮುಖ ತಿರುಗಿಸಿತೋ ಆ ಮಗುವಿಗೆ ಪೊಲೀಸು ಕಾನೂನು ತಟ್ಟೆ ಹಾಕಿತೆಂಬುದು ಚರಿತ್ರೆಯ ವಿನೋದಗಳಲ್ಲಿ ಒಂದು. 1882ರ ಮತ್ತು 1898ರ ಸಂಹಿತೆಗಳಲ್ಲಿ ಈ ಕಲಮಿನ ಸಂಖ್ಯೆ 488. ನಮ್ಮ ಹಿರಿಯ ತಲೆಮಾರಿನ ವಕೀಲರ ಬಾಯಲ್ಲಿ ನಾಲ್ಕುನೂರ ಎಂಬತ್ತೆಂಟು ಎಂದರೆ ಸಾಕಿತ್ತು, ವಿಷಯ ಇದೇ ಎಂದು ತಿಳಿಯುತ್ತಿತ್ತು. 1973ರ ಸಂಹಿತೆಯಲ್ಲಿ ಅದು 125 ಆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144. ಸಂಖ್ಯೆ ಬದಲಾದರೂ ಔರಸವಿರಲಿ ಅನೌರಸವಿರಲಿ ಎಂಬ ಮಾತು ಅಳಿದಿಲ್ಲ.

ಈ ಕಲಮಿಗೆ ಜೊತೆಯಾಗಿ 1872ರಲ್ಲಿ ಇನ್ನೊಂದು ಬಂದಿತು. ವೈಸರಾಯರ ಕೌನ್ಸಿಲಿನ ಕಾನೂನು ಸದಸ್ಯರಾಗಿದ್ದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನರು ಸಿದ್ಧಪಡಿಸಿದ ಸಾಕ್ಷ್ಯ ಕಾಯಿದೆಯ 112ನೆಯ ಕಲಮು ಅದು. ಕಾನೂನುಬದ್ಧ ಮದುವೆ ನಡೆಯುತ್ತಿರುವಾಗ, ಅಥವಾ ಮದುವೆ ಮುರಿದು 280 ದಿನಗಳ ಒಳಗೆ ತಾಯಿ ಮರುಮದುವೆಯಾಗದೆ ಇರುವಾಗ, ಹುಟ್ಟಿದ ಮಗು ಆ ಗಂಡನದೇ. ಇದು ಬರಿಯ ಊಹೆಯಲ್ಲ, ನಿರ್ಣಾಯಕ ರುಜುವಾತು. ಗಂಡನಿಗೆ ಇದರಿಂದ ಪಾರಾಗಲು ಒಂದೇ ಕಿಂಡಿ: ಮಗು ಗರ್ಭದಲ್ಲಿ ನಿಂತಿರಬಹುದಾದ ಕಾಲದಲ್ಲಿ ತಾನೂ ಹೆಂಡತಿಯೂ ಕೂಡಿರಲು ಅವಕಾಶವೇ ಇರಲಿಲ್ಲವೆಂದು ತೋರಿಸುವುದು. ಸಂಶಯ ಸಾಲದು, ನೆರೆಹೊರೆಯ ಗುಸುಗುಸು ಸಾಲದು, ಮಗುವಿನ ಮೂಗು ತನ್ನ ಮೂಗಿನಂತಿಲ್ಲ ಎಂಬುದಂತೂ ಸಾಲದು.

ಹೀಗೆ ಮದುವೆಯೊಳಗೆ ಹುಟ್ಟಿದ ಮಗುವಿಗೆ 112 ಹೆಸರು ಕೊಟ್ಟಿತು, ಎಲ್ಲ ಮಕ್ಕಳಿಗೂ 488 ಅನ್ನ ಕೊಟ್ಟಿತು. ಮದುವೆಯಾಚೆ ಹುಟ್ಟಿದ ಮಗುವಿನ ತಾಯಿಗೆ ಮಾತ್ರ ಕಷ್ಟ ಉಳಿಯಿತು. ಆಕೆಗೆ 112ರ ನೆರಳಿಲ್ಲ. ಅವನು ಬರೆದ ಕಾಗದ, ಮನೆಗೆ ಬಂದುಹೋದದ್ದನ್ನು ಕಂಡವರ ಮಾತು, ಹೆರಿಗೆಗೆ ಕೊಟ್ಟ ಹಣ, ಇಂಥವನ್ನೇ ಒಂದೊಂದಾಗಿ ಜೋಡಿಸಬೇಕು. ಜೋಡಿಸಿ ಗೆದ್ದರೂ ಸಿಕ್ಕುವುದೆಷ್ಟು? ಐವತ್ತು ರೂಪಾಯಿಯ ಮಿತಿ 1923ರಲ್ಲಿ ನೂರಾಯಿತು, 1955ರಲ್ಲಿ ಐನೂರಾಯಿತು. ಆಮೇಲೆ ನಲವತ್ತಾರು ವರ್ಷ ಕೇಂದ್ರದ ಕಾನೂನಿನಲ್ಲಿ ಅದು ಕದಲಲಿಲ್ಲ. ಕೆಲವು ರಾಜ್ಯಗಳು ತಾವಾಗಿ ಏರಿಸಿಕೊಂಡದ್ದು ಬೇರೆ ಮಾತು. ಅಕ್ಕಿಯ ಬೆಲೆ ಏರುತ್ತಲೇ ಇತ್ತು, ತಂದೆಯ ಸಂಬಳವೂ ಏರುತ್ತಿತ್ತು, ಮಗುವಿನ ಪಾಲು ಮಾತ್ರ ಐನೂರಕ್ಕೆ ಗೂಟ ಹೊಡೆದುಕೊಂಡು ನಿಂತಿತ್ತು. ಕಡೆಗೆ 2001ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಈ ನಡುವೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಔರಸ, ಅನೌರಸ ಮಕ್ಕಳಿಬ್ಬರನ್ನೂ ಸಾಕುವ ಹೊಣೆಯನ್ನು ತಂದೆಯ ಮೇಲೂ ತಾಯಿಯ ಮೇಲೂ ಹಾಕಿತ್ತು. ಮಿತಾಕ್ಷರ ಬಿಟ್ಟ ಹೆಣ್ಣು ಮಗು ಕೊನೆಗೂ ಪಂಕ್ತಿಗೆ ಬಂದಳು.

ಈವರೆಗೆ ಹೇಳಿದ್ದೆಲ್ಲ ತಂದೆ ಯಾರೆಂಬುದನ್ನು ಖಚಿತವಾಗಿ ತಿಳಿಯಲು ದಾರಿಯೇ ಇಲ್ಲದ ಕಾಲದ ಏರ್ಪಾಡು. ತಿಳಿಯಲಾರದ್ದನ್ನು ಊಹೆಯಿಂದ ತುಂಬಿಕೊಂಡಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನ ಒಳಗೆ ಕಾಲಿಟ್ಟಿತು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ಪ್ರಕಟಿಸಿದರು. ಈ ಗುಂಪುಗಳು ತಂದೆತಾಯಿಗಳಿಂದ ನಿಯಮದಂತೆ ಮಕ್ಕಳಿಗೆ ಇಳಿಯುತ್ತವೆಂಬುದು ಆಮೇಲೆ ತಿಳಿಯಿತು. ಆದರೆ ರಕ್ತದ ಗುಂಪು ಅರ್ಧ ಸಾಕ್ಷಿ ಮಾತ್ರ. ಇವನು ತಂದೆಯಲ್ಲ ಎಂದು ಹೇಳಬಲ್ಲದು, ಇವನೇ ತಂದೆ ಎಂದು ಹೇಳಲಾರದು.

ಆ ಅರ್ಧ ಸಾಕ್ಷಿಗೂ ನ್ಯಾಯಾಲಯಗಳು ತಲೆಬಾಗಲಿಲ್ಲ ಎಂಬುದಕ್ಕೆ ಚಾರ್ಲಿ ಚಾಪ್ಲಿನ್ನರ ಪ್ರಕರಣ ಜಗತ್ಪ್ರಸಿದ್ಧ ನಿದರ್ಶನ. ಯುವ ನಟಿಯೊಬ್ಬಳ ಮಗುವಿಗೆ ಅವರೇ ತಂದೆಯೆಂದು ಕ್ಯಾಲಿಫೋರ್ನಿಯದಲ್ಲಿ ದಾವೆ ಬಂದಿತು. 1944ರಲ್ಲಿ ರಕ್ತ ಪರೀಕ್ಷೆ ನಡೆಯಿತು. ಚಾಪ್ಲಿನ್ನರದು ಓ ಗುಂಪು, ತಾಯಿಯದು ಎ, ಮಗುವಿನದು ಬಿ. ಬಿ ಅಂಶ ತಾಯಿಯಲ್ಲಿಲ್ಲ, ಅವರಲ್ಲೂ ಇಲ್ಲ. ಮೂರನೆಯ ಒಬ್ಬನಿಂದಲೇ ಬಂದಿರಬೇಕು. ಆದರೂ ಎರಡನೆಯ ವಿಚಾರಣೆಯಲ್ಲಿ, 1945ರಲ್ಲಿ, ಜ್ಯೂರಿಯವರು ಚಾಪ್ಲಿನ್ನರೇ ತಂದೆಯೆಂದರು. ವಾರಕ್ಕೆ 75 ಡಾಲರು ಕೊಡಬೇಕಾಯಿತು. 1946ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ರಕ್ತ ಪರೀಕ್ಷೆಯೂ ಉಳಿದ ಸಾಕ್ಷ್ಯಗಳ ಹಾಗೆ ಒಂದು ಸಾಕ್ಷ್ಯ, ಅದೇ ಕೊನೆಯ ಮಾತಲ್ಲ ಎಂಬುದು ಆಗ ಅಲ್ಲಿನ ಕಾನೂನು. ವಿಜ್ಞಾನಿಗಳಿಗೆ ಇದು ಹುಚ್ಚಾಟವಾಗಿ ಕಂಡಿತು. 1953ರಲ್ಲಿ ಕ್ಯಾಲಿಫೋರ್ನಿಯ ತನ್ನ ಕಾನೂನನ್ನು ತಿದ್ದಿಕೊಂಡಿತು. ಬೆತ್ತಲೆ ಸತ್ಯದ ಮುಂದೆ ಕಣ್ಣು ಮುಚ್ಚುವುದು ನ್ಯಾಯವಲ್ಲ ಎಂಬ ಪಾಠ ಅಂದು ಸಿಕ್ಕಿತು.

ಉಳಿದರ್ಧ ಸಾಕ್ಷಿ ಬಂದದ್ದು 1984ರಲ್ಲಿ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದರು. ಈಗ ಇವನೇ ತಂದೆ ಎಂದೂ ಹೇಳುವುದಕ್ಕಾಯಿತು. ಭಾರತದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಲಾಲ್ಜಿ ಸಿಂಗ್. ನಮ್ಮ ನ್ಯಾಯಾಲಯಗಳಲ್ಲಿ ಅದು ಮೊದಲು ಉಪಯೋಗಕ್ಕೆ ಬಂದದ್ದು ಯಾವ ಕೊಲೆಯ ಮೊಕದ್ದಮೆಗೂ ಅಲ್ಲ, ಯಾವ ಶ್ರೀಮಂತರ ಆಸ್ತಿಗೂ ಅಲ್ಲ. ಕೇರಳದ ತಲಶ್ಶೇರಿಯಲ್ಲಿ ಒಂದು ಮಗು ಕೇಳಿದ ಜೀವನಾಂಶಕ್ಕೆ. ತಂದೆ ತಾನಲ್ಲವೆಂದು ಎದುರು ಪಕ್ಷದವನ ಹಟ. ಮೂವರ ರಕ್ತವೂ ಹೈದರಾಬಾದಿಗೆ ಹೋಗಿ ಬಂದಿತು. ತಂದೆ ಅವನೇ ಎಂದು ತಿಳಿಯಿತು. 1991ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಆ ಸಾಕ್ಷ್ಯವನ್ನು ಒಪ್ಪಿತು. ಸಾವಿರಾರು ವರ್ಷಗಳಿಂದ ಹೆಂಗಸಿನ ಮಾತಿಗೆ ಬೇರೆ ಪುರಾವೆ ಏನು ಎಂದು ಕೇಳುತ್ತ ಬಂದವರಿಗೆ ಕೊನೆಗೂ ಅವಳ ಕಡೆಯಿಂದ ಉತ್ತರ ಸಿಕ್ಕಂತಾಯಿತು.

ಆದರೆ ಒಂದೇ ಕತ್ತಿ ತರಕಾರಿಯನ್ನೂ ಹೆಚ್ಚುತ್ತದೆ, ಕೈಯನ್ನೂ ಕೊಯ್ಯುತ್ತದೆ. ಮದುವೆಯಾಚೆ ಹುಟ್ಟಿದ ಮಗುವಿಗೆ ಏಣಿಯಾದ ಈ ಪರೀಕ್ಷೆ, ಮದುವೆಯೊಳಗೆ ಹುಟ್ಟಿದ ಮಗುವಿನ ತಲೆಯ ಮೇಲೆ ಕೊಡಲಿಯಾಗಿ ತೂಗತೊಡಗಿತು. ಹೆಂಡತಿ ಜೀವನಾಂಶ ಕೇಳಿದ ಕೂಡಲೇ ಗಂಡ ರಕ್ತ ಪರೀಕ್ಷೆ ಆಗಲಿ ಎನ್ನುವ ಪರಿಪಾಟಿ ಹುಟ್ಟಿತು. ಪಶ್ಚಿಮ ಬಂಗಾಳದಿಂದ ಬಂದ ಇಂಥದೊಂದು ಪ್ರಕರಣದಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಗೋಡೆ ಹಾಕಿತು. ಕೇಳಿದವರಿಗೆಲ್ಲ ರಕ್ತ ಪರೀಕ್ಷೆಯ ಅಪ್ಪಣೆ ಕೊಡಲಾಗದು. ಕೂಡಿರಲು ಅವಕಾಶವಿರಲಿಲ್ಲ ಎಂಬುದಕ್ಕೆ ಗಂಡ ಮೊದಲು ಬಲವಾದ ಆಧಾರ ತೋರಿಸಬೇಕು. ಇದರಿಂದ ಮಗು ಅನೌರಸವೆಂಬ ಹಣೆಪಟ್ಟಿಗೂ ತಾಯಿ ಕಳಂಕಕ್ಕೂ ಗುರಿಯಾದಾರೆ ಎಂದು ನ್ಯಾಯಾಲಯ ಯೋಚಿಸಬೇಕು. ಯಾರನ್ನೂ ರಕ್ತ ಕೊಡೆಂದು ಬಲವಂತಪಡಿಸಲಾಗದು. 2001ರ ಇನ್ನೊಂದು ತೀರ್ಪು ಮತ್ತೂ ಮುಂದೆ ಹೋಯಿತು. ಗಂಡಹೆಂಡಿರು ಒಂದೇ ಮನೆಯಲ್ಲಿ ಬಾಳುತ್ತಿದ್ದಾಗ ಹುಟ್ಟಿದ ಮಗುವಿನ ವಿಷಯದಲ್ಲಿ ಡಿಎನ್‌ಎ ಬೇರೆ ಹೇಳಿದರೂ 112ರ ತೀರ್ಮಾನ ಅಲುಗದು. ಗಂಡನಿಗೆ ಇದು ಕಠಿಣವಾಗಿ ತೋರೀತು, ಆದರೆ ಕಾನೂನು ವಾಲುವುದು ನಿರಪರಾಧಿಯಾದ ಮಗುವಿನ ಕಡೆಗೆ ಎಂಬುದು ಅದರ ಇಂಗಿತ.

ಹಾಗಾದರೆ ಚಾಪ್ಲಿನ್ನರಿಗಾದ ಅನ್ಯಾಯವೇ ನಮ್ಮಲ್ಲೂ ಆಗುವುದಿಲ್ಲವೆ ಎಂದು ವಾಚಕರು ಕೇಳಬಹುದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಪ್ರಶ್ನೆಯನ್ನು ಕೇಳಿಕೊಂಡಿತು. ನಾಗಪುರ ಕಡೆಯ ಪ್ರಕರಣವದು. ಎರಡು ಸಲ ಡಿಎನ್‌ಎ ಪರೀಕ್ಷೆ ಆಗಿ ಎರಡೂ ಸಲ ಗಂಡ ತಂದೆಯಲ್ಲವೆಂದು ಬಂದಿತ್ತು. 112ನೆಯ ಕಲಮು ಬರೆದಾಗ ಇಂಥ ಪರೀಕ್ಷೆ ಕನಸಿನಲ್ಲೂ ಇರಲಿಲ್ಲ. ಸತ್ಯ ಕೈಗೆ ಸಿಕ್ಕಿರುವಾಗ ಊಹೆಗೆ ಜಾಗವಿಲ್ಲ ಎಂದು ಹೇಳಿ ಮಗುವಿಗೆ ಅವನಿಂದ ಸಲ್ಲುತ್ತಿದ್ದ ಜೀವನಾಂಶವನ್ನು ರದ್ದುಪಡಿಸಿತು. ಆದರೆ ಈಗಾಗಲೇ ಕೊಟ್ಟ ಹಣವನ್ನು ವಾಪಸು ಕೇಳಕೂಡದೆಂದೂ ಸೇರಿಸಿತು. ಉಂಡ ಅನ್ನದ ಲೆಕ್ಕವನ್ನು ಮಗುವಿನಿಂದ ಕೇಳಬಾರದೆಂಬ ಈ ಒಂದು ಸಾಲು ನನಗೆ ಆ ತೀರ್ಪಿನಲ್ಲೆಲ್ಲ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಅನ್ನದ ಪ್ರಶ್ನೆಯೇ ಇಲ್ಲದೆ ಹೆಸರಿನ ಪ್ರಶ್ನೆಯೊಂದೇ ನಿಂತ ಪ್ರಕರಣವೂ ಒಂದುಂಟು. ಉತ್ತರಪ್ರದೇಶ ಮತ್ತು ಉತ್ತರಾಖಂಡಗಳ ಮುಖ್ಯಮಂತ್ರಿಯಾಗಿದ್ದ ಎನ್. ಡಿ. ತಿವಾರಿಯವರು ತನ್ನ ತಂದೆಯೆಂದು ಯುವಕನೊಬ್ಬ 2008ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದ. ಅವನು ಹಣ ಕೇಳಲಿಲ್ಲ, ಒಪ್ಪಿಗೆ ಕೇಳಿದ. 2012ರ ಜುಲೈನಲ್ಲಿ ನ್ಯಾಯಾಲಯ ಬಹಿರಂಗಪಡಿಸಿದ ವರದಿ ಅವನ ಮಾತೇ ನಿಜವೆಂದಿತು; 2014ರಲ್ಲಿ ತಿವಾರಿಯವರು ಮಗನೆಂದು ಒಪ್ಪಿಕೊಂಡರು. ಇಲ್ಲಿ ಪರೀಕ್ಷೆಯನ್ನು ಕೇಳಿದವನು ಮಗ. 2023ರ ಫೆಬ್ರವರಿಯಲ್ಲಿ ತೀರ್ಮಾನವಾದ ಇನ್ನೊಂದು ಮೊಕದ್ದಮೆಯಲ್ಲಿ ಕೇಳಿದವನು ಗಂಡ, ಅದೂ ವಿಚ್ಛೇದನಕ್ಕೆ ಹೆಂಡತಿಯ ತಪ್ಪನ್ನು ಸಾಧಿಸುವುದಕ್ಕಾಗಿ. ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠ ಅದನ್ನು ಒಪ್ಪಲಿಲ್ಲ. ಗಂಡಹೆಂಡಿರ ಜಗಳಕ್ಕೆ ಮಗುವಿನ ರಕ್ತವನ್ನು ಸಾಕ್ಷಿಯಾಗಿ ಎಳೆಯಲಾಗದು, ತನ್ನ ಹುಟ್ಟನ್ನು ಬೀದಿಗೆ ತರದಿರಲೆಂದು ಕೇಳುವ ಹಕ್ಕು ಮಗುವಿಗೂ ಇದೆ ಎಂಬುದು ಆ ತೀರ್ಪಿನ ಸಾರ.

ಇಲ್ಲಿಗೆ ಎಲ್ಲವೂ ಸರಿಹೋಯಿತೆಂದು ಪುಸ್ತಕ ಮುಚ್ಚುವ ಹಾಗಿಲ್ಲ. 2025ರ ಜನವರಿಯಲ್ಲಿ ಬಂದ ತೀರ್ಪೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೇರಳದ ತಾಯಿಯೊಬ್ಬಳು, ಮದುವೆ ನಡೆಯುತ್ತಿದ್ದಾಗ 2001ರಲ್ಲಿ ಹುಟ್ಟಿದ ತನ್ನ ಮಗನಿಗೆ ಗಂಡನಲ್ಲದೆ ಬೇರೊಬ್ಬ ತಂದೆಯೆಂದು ಹೇಳಿದಳು. ಮಗನಿಗೆ ಆರೋಗ್ಯ ಸರಿಯಿಲ್ಲ, ಚಿಕಿತ್ಸೆಗೆ ಹಣ ಬೇಕು. ಹುಟ್ಟಿಸಿದವನೇ ಜೀವನಾಂಶ ಕೊಡಲೆಂದು ಅರ್ಜಿ. ಹೆಸರಿನ ತಂದೆ ಬೇರೆ, ರಕ್ತದ ತಂದೆ ಬೇರೆ ಇರಬಾರದೇಕೆ ಎಂಬ ವಾದ. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಗಂಡಹೆಂಡಿರು ಆ ಕಾಲದಲ್ಲಿ ಕೂಡಿಯೇ ಇದ್ದರು. ಆದ್ದರಿಂದ ಗಂಡನೇ ತಂದೆ. ಔರಸತ್ವ ನಿಶ್ಚಯವಾದ ಮೇಲೆ ಪಿತೃತ್ವವೂ ಅದರೊಡನೆ ನಿಶ್ಚಯವಾಯಿತು. ಮೂರನೆಯವನ ಖಾಸಗಿ ಬದುಕನ್ನು ಪರೀಕ್ಷೆಗೆ ಒಡ್ಡುವಂತಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಕ್ರಮವಾದ ತೀರ್ಪು. ಆದರೆ ಮಗುವಿಗೆಂದು ಮಾಡಿಸಿದ ಗುರಾಣಿ ಇಲ್ಲಿ ಮಗುವಿನ ಮುಂದೆಯೇ ಗೋಡೆಯಾಗಿ ನಿಂತಿತಲ್ಲ ಎಂದು ನನಗನ್ನಿಸದೆ ಇರಲಿಲ್ಲ. ಹೊಲದವನದೇ ಬೆಳೆ ಎಂದ ಹಳೆಯ ಆಚಾರ್ಯರು ಗೆದ್ದರು. ಎರಡೂ ಉಂಟು ಎಂದ ಕೌಟಿಲ್ಯ ಸೋತ.

ಈ ಗುರಾಣಿಯನ್ನು ಬಿಸಾಡಬೇಕೆಂದು ನಾನು ಹೇಳುವವನಲ್ಲ. ಅದು ಇಲ್ಲದಿದ್ದರೆ ಜೀವನಾಂಶದ ಪ್ರತಿಯೊಂದು ಅರ್ಜಿಗೂ ಉತ್ತರವಾಗಿ ಪ್ರಯೋಗಶಾಲೆಯ ಬಾಗಿಲು ತಟ್ಟುವವರೇ ಹೆಚ್ಚಾದಾರು. ವರದಿ ಬರುವ ತನಕ ಮಗು ಕಾಯಬೇಕು. ಹಸಿವು ವಾಯಿದೆ ಕೇಳುವುದಿಲ್ಲ. ಹೊಟ್ಟೆಯ ಈ ಅವಸರವನ್ನು ನಮ್ಮ ಕಾನೂನೂ ತಡವಾಗಿಯಾದರೂ ಅರಿತಿದೆ. 2001ರ ತಿದ್ದುಪಡಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರುದಾರನಿಗೆ ನೋಟೀಸು ಮುಟ್ಟಿದ ಅರುವತ್ತು ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದಿತು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2023ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ, ಕಾನೂನು ಒಪ್ಪದ ಮದುವೆಯಲ್ಲಿ ಹುಟ್ಟಿದ ಹಿಂದೂ ಮಕ್ಕಳಿಗೆ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾಗಿದ್ದ ಪಾಲಿನಲ್ಲೂ ಹಕ್ಕುಂಟೆಂದು ಹೇಳಿತು. ಅನ್ನದಿಂದ ಆರಂಭವಾದದ್ದು ಹೀಗೆ ಆಸ್ತಿಯ ಹೊಸಿಲಿನವರೆಗೂ ಬಂದಿದೆ.

ಇಷ್ಟನ್ನೂ ಓದಿದ ಮೇಲೆ ನನಗೆ ಉಳಿದಿರುವ ಮಾತು ಒಂದೇ. ತಂದೆ ಯಾರೆಂಬ ಪ್ರಶ್ನೆಗೆ ಬೆಲೆ ಬರುವುದು ಅದನ್ನು ಯಾರು, ಯಾರಿಗಾಗಿ ಕೇಳುತ್ತಾರೆ ಎಂಬುದರಿಂದ. ತಲಶ್ಶೇರಿಯ ಮಗು ಕೇಳಿದಾಗ ಅದು ನ್ಯಾಯವಾಯಿತು. ಸಂಶಯದ ಗ್ರಹ ಹಿಡಿದ ಗಂಡ ಕೇಳಿದಾಗ ಅದು ಹಿಂಸೆಯಾಗುವುದುಂಟು. ಪ್ಯಾರಿಷಿನವರು ತಮ್ಮ ತೆರಿಗೆಗಾಗಿ ಕೇಳಿದರು, ನೆಪೋಲಿಯನ್ನನ ಕಾನೂನು ಗಂಡಸರ ನೆಮ್ಮದಿಗಾಗಿ ಕೇಳಬೇಡಿರೆಂದಿತು. ಇಬ್ಬರೂ ಮಗುವಿನ ಮುಖ ನೋಡಲಿಲ್ಲ. ಪರೀಕ್ಷೆ ಬೇಕೆಂದು ಮಗುವೇ ಕೇಳಿಕೊಂಡು ಬಂದಾಗ ಬಾಗಿಲು ತೆರೆಯಲಿ. ಮಗುವಿನ ತಟ್ಟೆಯನ್ನು ಕಿತ್ತುಕೊಳ್ಳಲೆಂದು ಬೇರೊಬ್ಬರು ಕೇಳಿದಾಗ ಬಾಗಿಲು ಬಿಗಿಯಾಗಿರಲಿ. ಇಷ್ಟು ಮಾಡಲು ಹೊಸ ವಿಜ್ಞಾನವೇನೂ ಬೇಕಿಲ್ಲ. 1861ರಲ್ಲೇ, ಯಾವ ಉದ್ದೇಶದಿಂದಲೋ, ಔರಸವಿರಲಿ ಅನೌರಸವಿರಲಿ ಎಂದು ಬರೆದ ಆ ಎರಡು ಪದಗಳನ್ನು ಬರೆದವರಿಗಿಂತ ಹೆಚ್ಚು ಮನಸ್ಸಿಟ್ಟು ನಾವು ಓದಿದರೆ ಸಾಕು.